ಬಸವಣ್ಣೆವ್ವ ಬರೆಯದ ಮೆಸೇಜು

"ಇದು ನಾ ಬರದದ್ದಲ್ಲ, ತಂಗೀ. ನನ್ನ ಕಥಿ ನನಗ ಗುರ್ತು ಸಿಗೂದಿಲ್ಲೇನು?"

ಬಸವಣ್ಣೆವ್ವ ಮೊಬೈಲನ್ನು ದೂರಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ಓದಿದರು. ಉಪ್ಪು ಹೆಚ್ಚಾದ ಸಾರು ಬಾಯಿಗೆ ಬಿದ್ದವರ ಹಾಗೆ ಮುಖ ಸಿಂಡರಿಸಿ ನಾಗರತ್ನಾ ಅವರ ಕೈಗೆ ಅದನ್ನು ವಾಪಸ್ಸು ಕೊಟ್ಟರು.

ಖಾನಾಪುರದ ಸ್ಟೇಷನ್ ರಸ್ತೆಯ ಖಾನಾವಳಿ ಅದು. ಇಬ್ಬರೂ ಹಿಂದಿನ ಪಡಸಾಲೆಯಲ್ಲಿ ಕುಳಿತಿದ್ದರು. ಮುಂದಿನ ಕೋಣೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಊಟಕ್ಕೆ ಕುಳಿತವರ ಮಾತು ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತಿತ್ತು. ಬಹಳ ವರ್ಷ ಆ ಒಲೆಯ ಮುಂದೆ ನಿಂತ ಬಸವಣ್ಣೆವ್ವ ಈಗ ಅದನ್ನು ಸೊಸೆಯ ಕೈಗೆ ಕೊಟ್ಟು, ತಾವು ಕಥೆ ಬರೆಯಲು ಕುಳಿತಿದ್ದರು.

ಭಾನುವಾರ ಶಹಾಪುರದ ಒಂದಿಡೀ ಓಣಿ ಆ ಮೆಸೇಜನ್ನು ನಂಬಿ ದೇಸೂರಿಗೆ ಹೋಗಿತ್ತು. ತಿರುಗಿ ಬರುವಷ್ಟರಲ್ಲಿ ಅದೇ ಓಣಿಯ ಅಜ್ಜಿ ಬೀಬಿಜಾನ ಅವರ ಪೆಟ್ಟಿಗೆಯಲ್ಲಿದ್ದ ಹಳೆಯ ಕೈಮಗ್ಗದ ಸೀರೆ ಇಲ್ಲವಾಗಿತ್ತು.

ಬಕುಳದ ಹೂವಿನ ಅಂಚಿನ ಆ ಸೀರೆಯನ್ನು ಬೀಬಿಜಾನ ಹರೆಯದಲ್ಲಿ ತಾವೇ ನೇಯ್ದಿದ್ದರು. ಆ ಅಂಚು ಹಾಕಲು ಬರುವವರು ಓಣಿಯಲ್ಲಿ ಈಗ ಯಾರೂ ಉಳಿದಿರಲಿಲ್ಲ.

ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಮೇಲೆ ನಾಗರತ್ನಾ ಹಿರೇಮಠ ಸದಾಶಿವನಗರದ ಮನೆಯಲ್ಲಿ ಸುಮ್ಮನೆ ಕೂತವರಲ್ಲ. ಠಾಣೆಗೆ ಹೋಗಲು ಹಿಂಜರಿಯುವವರು ಅವರ ಮನೆಯ ಗಂಟೆ ಒತ್ತುತ್ತಿದ್ದರು. ಈ ಸಲ ಗಂಟೆ ಒತ್ತಿದವಳು ಬೀಬಿಜಾನರ ಮೊಮ್ಮಗಳು ಮಹೇಕ.

ಮಹೇಕಳದು ಮೆಸೇಜಿನ ವ್ಯಾಪಾರ. ದಿನಾ ಮುಂಜಾನೆ ಬೆಳಗಾವಿ ಸುತ್ತಮುತ್ತಲಿನ ಸಾವಿರಾರು ಮೊಬೈಲುಗಳಿಗೆ ಅವಳು ಬಸವಣ್ಣೆವ್ವ ಬರೆದ ಒಂದು ಪುಟ್ಟ ಕಥೆ ಕಳಿಸುತ್ತಾಳೆ. ಕಥೆಯ ನಾಯಕಿ ಮಾಯಕ್ಕ, ಊರೂರು ತಿರುಗುವ ಬಳೆಗಾರ್ತಿ. ಸಂಜೆ ಅವರೇ ಬರೆದ ಇನ್ನೊಂದು ಮೆಸೇಜು: ಮಾಯಕ್ಕ ಇವತ್ತು ಚಪ್ಪಲಿ ಕೊಂಡ ದುಕಾನ ಇದು, ಮಾಯಕ್ಕ ಕುಂದಾ ತಿಂದ ಅಂಗಡಿ ಇದು. ಮಂದಿ ನಗುತ್ತಲೇ ಆ ಅಂಗಡಿ ಹುಡುಕಿಕೊಂಡು ಹೋಗುತ್ತಾರೆ. ಅಂಗಡಿಯವರು ಖುಷಿಯಿಂದ ಮತ್ತೆ ಮಹೇಕಳ ಹತ್ತಿರ ಬರುತ್ತಾರೆ. ಎರಡು ವರ್ಷದಿಂದ ಹೀಗೇ ಚೆನ್ನಾಗಿ ನಡೆದಿತ್ತು.

"ಮಾಯಕ್ಕ ನಿಮ್ಮಾಕಿ, ಅವ್ವಾರ," ನಾಗರತ್ನಾ ಮೆತ್ತಗೆ ಅಂದರು. "ಆಕಿ ಹೆಸರಿಲೆ ಬ್ಯಾರೇದವರು ಬರದಾರ ಅಂತ ನಾ ಹೆಂಗ ನಂಬಲಿ?"

"ನಂಬಬ್ಯಾಡ. ಓದು. ಶನಿವಾರ ಮುಂಜಾನೀದು ಮೊದಲ ಓದು."

ನಾಗರತ್ನಾ ಓದಿದರು.

"ಮಾಯಕ್ಕ ಬಳಿ ತೊಡಿಸಿದ್ಳು. ಕೈ ಯಾರದಂತ ಕೇಳಲಿಲ್ಲ. ಕೈ ತಣ್ಣಗ ಐತಿ ಅಂದ್ಳು."

"ಈಗ ಸಂಜೀದು."

"ಮಾಯಕ್ಕ ಭಾನುವಾರ ಮುಂಜಾನೆ ದೇಸೂರ ಸ್ಟೇಷನ್ನಿಗೆ ಬರತಾಳ. ಈ ಮೆಸೇಜ್ ತೋರಿಸಿದ ಎಲ್ಲಾ ಹೆಣ್ಣುಮಕ್ಕಳಿಗೆ ಪುಕ್ಕಟೆ ಬಳಿ ತೊಡಸತಾಳ. ಅಲ್ಲಿ ನಿಮಗೊಂದು ಮಜಾ ಅದ."

"ಏನು ಫರಕ್ ಕಾಣಸ್ತು?"

"ಇದು ಉದ್ದ ಐತಿ."

"ಭಾಳ ಉದ್ದ ಐತಿ!" ಬಸವಣ್ಣೆವ್ವ ತೊಡೆ ತಟ್ಟಿದರು. "ಕನ್ನಡದಾಗ ಒಂದು ಮೆಸೇಜಿಗೆ ಎಪ್ಪತ್ತು ಅಕ್ಷರ. ಕೊಂಬು, ದೀರ್ಘ, ಒತ್ತು ಎಲ್ಲಾ ಅದರಾಗ ಬಂತು. ಒಂದು ಹೆಚ್ಚಾದ್ರ ಹಳೀ ಫೋನಿನ್ಯಾಗ ಕಥಿ ಎರಡು ತುಂಡು ಆಗತೈತಿ. ಒಮ್ಮೊಮ್ಮೆ ಬಾಲ ಮೊದಲ ಬರತೈತಿ, ತಲಿ ಆಮ್ಯಾಲ. ನನ್ನ ಕಥಿ ಓದಾವ್ರು ಬಸ್ಸಿನ್ಯಾಗ ಜೋತು ಬಿದ್ದು ಓದತಾರ. ಅವ್ರಿಗೆ ನಾ ತುಂಡು ಕಥಿ ಕೊಡೂದಿಲ್ಲ."

"ಅವಸರದಾಗ ಒಮ್ಮೆ ಉದ್ದ ಆಗಿರಬಹುದು."

"ಆಗಲಿ. ಕಡೀ ಶಬ್ದ ಓದು."

"ಅದ."

"ಹಾಂ. ಇಷ್ಟೊತ್ತು ನನ್ನ ಕೂಡ ಮಾತಾಡಿದಿ. ನನ್ನ ಬಾಯಾಗ ಒಮ್ಮೆ ಆದ್ರೂ ಆ ಶಬ್ದ ಬಂತೇನು? ನನಗ ಎಲ್ಲಾ 'ಐತಿ'. ಮಾಯಕ್ಕಗೂ ಎಲ್ಲಾ 'ಐತಿ'. 'ಅದ' ಅನ್ನೂದು ವಿಜಾಪುರ ಕಡೀ ಮಂದಿ."

ನಾಗರತ್ನಾ ಮೊಬೈಲ್ ಪರದೆಯನ್ನೇ ನೋಡುತ್ತ ಕುಳಿತರು. ಆಮೇಲೆ ಅವರಿಗೆ ನಗು ಬಂತು. ನೌಕರಿಯಲ್ಲಿದ್ದಾಗ ಬೆರಳಚ್ಚಿನಿಂದ ಕಳ್ಳರನ್ನು ಹಿಡಿದಿದ್ದರು, ಚಪ್ಪಲಿಯ ಗುರುತಿನಿಂದ ಹಿಡಿದಿದ್ದರು. ವ್ಯಾಕರಣದಿಂದ ಹಿಡಿಯುವ ಯೋಗ ಬಂದಿರಲಿಲ್ಲ.

"ಊಟಾ ಮಾಡೇ ಹೋಗಬೇಕು," ಬಸವಣ್ಣೆವ್ವ ಎದ್ದರು. "ನಿನ್ನ ಯಜಮಾನರು ಆಗಲೇ ಕುಂತಾರ. ನಾಕನೇ ರೊಟ್ಟಿ ನಡದೈತಿ."

ನಿಜವೇ. ಮುಂದಿನ ಕೋಣೆಯಲ್ಲಿ ಚನ್ನಬಸಯ್ಯ ಎಣ್ಣೆಗಾಯಿ ಪಲ್ಯದ ಮುಂದೆ ಅಂಗಿಯ ತೋಳು ಮಡಚಿ ಕುಳಿತಿದ್ದರು. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಹೆಂಡತಿಯ ಪತ್ತೇದಾರಿಕೆಗೆ ಕಾರು ಓಡಿಸುವುದು ಈಗ ಅವರ ಅಚ್ಚುಮೆಚ್ಚಿನ ಕೆಲಸ. ಎಲ್ಲಿ ಯಾವ ಖಾನಾವಳಿ ಚೆನ್ನಾಗಿದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು.

"ಬಾ ನಾಗೂ, ಕುಂದರು. ಕಳ್ಳ ಎಲ್ಲಿ ಓಡಿ ಹೋಗತಾನ? ರೊಟ್ಟಿ ಆರತೈತಿ."

ನಾಗರತ್ನಾ ಕುಳಿತರು. ರೊಟ್ಟಿ ಆರಲು ಬಿಡಬಾರದೆಂಬ ವಿಷಯದಲ್ಲಿ ಗಂಡ ಹೆಂಡಿರಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ.

ತಿರುಗಿ ಬರುವಾಗ ಅವರು ದೇಸೂರಿನಲ್ಲಿ ಕಾರು ನಿಲ್ಲಿಸಿದರು. ಸ್ಟೇಷನ್ನು ಖಾಲಿ ಇತ್ತು. ಹೊರಗೆ ಹುಣಸೆ ಮರದ ನೆರಳಲ್ಲಿ ಬಳೆಯ ಬುಟ್ಟಿ ಇಟ್ಟುಕೊಂಡು ಒಬ್ಬಳು ಕುಳಿತಿದ್ದಳು. ಹೆಸರು ಭರಮವ್ವ, ಅದೇ ಊರಿನವಳು.

"ಭಾನುವಾರದ ಸುದ್ದಿ ಕೇಳತೀರೇನ್ರಿ ಅಕ್ಕಾರ?" ಭರಮವ್ವನ ಮುಖ ಅರಳಿತು. "ಯಾರೋ ಮಾಯಕ್ಕನ್ನ ಹುಡುಕ್ಕೊಂಡು ಟೆಂಪೋ ತುಂಬಿ ತುಂಬಿ ಬಂದ್ರು. ಮಾಯಕ್ಕ ಇಲ್ಲ, ಏನಿಲ್ಲ. ಊರಾಗಿಂದ ನಾನ ಓಡಿ ಬಂದೆ. ಬುಟ್ಟಿ ಖಾಲಿ ಆತ್ರಿ!"

"ಮೋಸ ಆತು ಅಂತ ಜಗಳಾ ಆಡಲಿಲ್ಲೇನು?"

"ಮೊದಲ ಸಿಟ್ಟ ಮಾಡಿದ್ರು. ಆಮ್ಯಾಲ ಒಬ್ಬಾಕಿ ಡಬ್ಬಿ ಬಿಚ್ಚಿದ್ಳು. ಅದನ್ನ ನೋಡಿ ಎಲ್ಲಾರೂ ಬಿಚ್ಚಿದ್ರು. ಇಲ್ಲೇ ಕುಂತು ಉಂಡ್ರು, ಹಾಡಿದ್ರು, ಒಬ್ಬರ ತಲಿ ಒಬ್ಬರು ಹೆಣದ್ರು. ರೈಲು ನಿಂತಾಗ ಒಳಗಿನ ಮಂದಿಗೆ ಕೈ ಬೀಸಿದ್ರು. ಮುಂದಿನ ಭಾನುವಾರಾನೂ ಬರತೀವಿ ಅಂತ ಹೇಳಿ ಹ್ವಾದ್ರು."

ಚನ್ನಬಸಯ್ಯ ನಕ್ಕುಬಿಟ್ಟರು. ನಾಗರತ್ನಾ ಮಾತ್ರ ಒಂದು ಹೆಜ್ಜೆ ಹತ್ತಿರ ಹೋದರು.

"ಎಲ್ಲಾರೂ ಕೂಡೇ ಬಂದ್ರೇನು?"

"ಒಂದು ಟೆಂಪೋ ತಡಾ ಆತ್ರಿ. ಅದರಾಗ ಒಬ್ಬಾಕಿ ಮುದುಕಿ ಬಂದ್ಳು, ಬೆಳ್ಳನ ಓಢಣಿ ಹೊದ್ದಾಕಿ. ಮಾಯಕ್ಕನ ಸುದ್ದಿ ಕೇಳಲೇ ಇಲ್ಲ. ಆ ಕಲ್ಲಿನ ಮ್ಯಾಲ ಕುಂತು ಎಲ್ಲಾರನ್ನೂ ನೋಡಿ ಒಬ್ಬಾಕೀನ ನಗಾಕತ್ತಿದ್ಳು."

ಕಾರಿನಲ್ಲಿ ಕುಳಿತ ಮೇಲೆ ನಾಗರತ್ನಾ ಆ ಮೆಸೇಜನ್ನು ಮತ್ತೆ ತೆರೆದರು. ಬೆಳ್ಳಗಿನ ಓಢಣಿ ಹೊದೆಯುವ ಮುದುಕಿಯರು ಶಹಾಪುರದಲ್ಲಿ ಒಬ್ಬರೇ ಅಲ್ಲ. ಅದಕ್ಕಿಂತ ಗಟ್ಟಿಯಾದ ಎಳೆ ಅವರ ಕೈಯಲ್ಲಿತ್ತು.

"ಏನು ವಿಚಾರ ಮಾಡಾಕತ್ತೀ?" ಚನ್ನಬಸಯ್ಯ ಕೇಳಿದರು.

"ಮಹೇಕನ ಹೆಸರಿಲೆ ಹೊರಗಿನವರು ಮೆಸೇಜ್ ಕಳಸಾಕ ಬರೂದಿಲ್ಲ. ಮೊದಲ ಹೆಸರು ನೋಂದಣಿ ಆಗಿರಬೇಕು, ಪಾಸ್‌ವರ್ಡ್ ಬೇಕು. ಅದು ಇರೂದು ಇಬ್ಬರ ಹತ್ರ. ಒಬ್ಬಾಕಿ ಮಹೇಕ. ಇನ್ನೊಬ್ಬಾಂವ ಕಂಪ್ಯೂಟರ್ ನೋಡಕೊಳ್ಳಾಂವ, ವಿನಯ."

"ಮಹೇಕನ ಅಣ್ಣ ಅಜೀಮನ ಮ್ಯಾಲ ಸಂಶೇ ಇತ್ತಲ್ಲ?"

"ಐತಿ. ಈಗೂ ಐತಿ. ಆ ಸೀರಿ ಅಂಚು ತನ್ನ ಪವರಲೂಮಿನ್ಯಾಗ ನಕಲು ಹೊಡೀಬೇಕಂತ ಅಂವ ಅಜ್ಜಿ ಕೂಡ ಜಗಳಾ ತಗದಿದ್ದ. ಭಾನುವಾರ ದೇಸೂರಿಗೂ ಹೋಗಿಲ್ಲ. ಆದ್ರ ಅಂವ ಹುಟ್ಟಿ ಬೆಳದಾಂವ ಶಹಾಪುರದಾಗ. ವಿನಯ ಸಿಂದಗಿಯಾಂವ."

"ಸಿಂದಗಿ ಅಂದ್ರ ವಿಜಾಪುರ ಜಿಲ್ಲಾ," ಅಂದರು ಚನ್ನಬಸಯ್ಯ, ಸಂತೋಷದಿಂದ. ಅವರು ಗೇರ್ ಬದಲಾಯಿಸಿದರು.

ಉದ್ಯಮಬಾಗ ದಾಟಿ, ಗೋವಾವೇಸ ಹಾಯ್ದು ಶಹಾಪುರಕ್ಕೆ ಬಂದಾಗ ಮಧ್ಯಾಹ್ನದ ಬಿಸಿಲು ಇಳಿಯತೊಡಗಿತ್ತು. ಓಣಿಯ ಎರಡೂ ಬದಿಗೆ ಮಗ್ಗಗಳ ಖಟಪಟ. ಬೀಬಿಜಾನರ ಮನೆಯ ಮಾಳಿಗೆಯ ಮೇಲೆ ಮಹೇಕಳ ಆಫೀಸು: ಎರಡು ಕಂಪ್ಯೂಟರು, ಒಂದು ಫ್ಯಾನು, ಕಿಟಕಿಯಲ್ಲಿ ಒಂದು ತುಳಸಿ. ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟದ್ದು.

ಚನ್ನಬಸಯ್ಯ ಕಾರಿನ ಹತ್ತಿರವೇ ಉಳಿದರು. ಮೇಲೆ ವಿನಯ ಒಬ್ಬನೇ ಇದ್ದ. ನಾಗರತ್ನಾ ಅವರನ್ನು ಕಂಡು ಎದ್ದು ಕುರ್ಚಿ ಕೊಟ್ಟ. ಇಪ್ಪತ್ತೈದರ ಆಸುಪಾಸಿನ, ಸಾಧು ಮುಖದ ಹುಡುಗ.

"ಪಾಸ್‌ವರ್ಡ್ ಯಾರ ಹತ್ರ ಐತಿ, ವಿನಯ?"

"ನನ್ನ ಹತ್ರ ಅದ ರೀ. ಮಹೇಕ ಮೇಡಮ್ ಹತ್ರ ಅದ."

"ಇನ್ನೊಮ್ಮೆ ಹೇಳು."

"ನನ್ನ ಹತ್ರ ಅದ, ಮೇಡಮ್ ಹತ್ರ..." ಅವನು ಅರ್ಥವಾಗದೆ ನಿಂತ.

ನಾಗರತ್ನಾ ತಮ್ಮ ಮೊಬೈಲನ್ನು ಅವನ ಮುಂದೆ ಇಟ್ಟರು. ಮೆಸೇಜಿನ ಕೊನೆಯ ಶಬ್ದದ ಮೇಲೆ ಬೆರಳು ಇಟ್ಟರು.

ವಿನಯನ ಕಿವಿ ಕೆಂಪಾದವು. ಕಂಪ್ಯೂಟರ್ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ, ಕುಳಿತುಕೊಂಡ.

"ಸೀರಿ ನಾ ತಗೊಂಡಿಲ್ರೀ. ನಮ್ಮವ್ವನ ಆಣಿ. ಮೆಸೇಜ್ ಮಾತ್ರ ನಾನ ಕಳಿಸೀನಿ."

"ಮಹೇಕಗ ಹೇಳದ?"

"ಆಮ್ಯಾಲ ಹೇಳಿ ಖುಷಿ ಮಾಡಬೇಕಂತ ಇದ್ದೆ ರೀ. ಒಂದು ದೊಡ್ಡ ಪಾರ್ಟಿ ಸಿಕ್ಕಿತ್ತು."

"ಯಾವ ಪಾರ್ಟಿ?"

"ಹೆಸರು ಹೇಳಲಿಲ್ಲ. ಬರೇ ಮೆಸೇಜ್ ಮಾಡತಿದ್ರು. ಅರವಿ ವ್ಯಾಪಾರ, ಜಿಲ್ಲಾದಾಗೆಲ್ಲ ದುಕಾನ ತಗೀತೀವಿ, ಜಾಹೀರಾತು ನಿಮಗೇ ಕೊಡತೀವಿ ಅಂದ್ರು. ಆದ್ರ ಒಂದು ಪರೀಕ್ಷಾ. ನಿಮ್ಮ ಒಂದು ಮೆಸೇಜಿಗೆ ಎಷ್ಟು ಮಂದಿ ಮನಿ ಬಿಟ್ಟು ಹೊರಗ ಬರತಾರ, ತೋರಸ್ರಿ ಅಂದ್ರು. ಜಾಗಾ ಅವರೇ ಹೇಳಿದ್ರು, ದೇಸೂರ ಸ್ಟೇಷನ್. ದಿನಾನೂ ಅವರೇ ಹೇಳಿದ್ರು."

"ಬಳಿ?"

"ಬಳಿ ನಾವು ಕಳಸತೀವಿ ಅಂದಿದ್ರು. ಕಳಸಲಿಲ್ಲ." ವಿನಯನ ದನಿ ಸಣ್ಣದಾಯಿತು. "ಓಣಿ ಖಾಲಿ ಮಾಡಿಸ್ಯಾರ ಅಂತ ಸೀರಿ ಹೋದಮ್ಯಾಲ ತಿಳೀತ್ರಿ. ಎರಡು ದಿನದಿಂದ ಊಟಾ ಹೋಗವಲ್ದು. ಮಹೇಕ ಮೇಡಮ್ ಮುಖಾ ನೋಡಾಕ ಆಗವಲ್ದು."

ಅವನು ಸುಳ್ಳು ಹೇಳುತ್ತಿಲ್ಲ ಎಂದು ನಾಗರತ್ನಾ ಅವರಿಗೆ ಅನ್ನಿಸಿತು. ಆದರೂ ಅವನ ಫೋನು ಇಸಿದುಕೊಂಡು ಮೊದಲಿನಿಂದ ಓದಿದರು. ಅಪರಿಚಿತ ನಂಬರಿನ ಆ ಮೆಸೇಜುಗಳು ಗಿಡ್ಡವಾಗಿದ್ದವು, ಸರಳವಾಗಿದ್ದವು. ಒಂದರಲ್ಲೂ ತಪ್ಪು ಕಾಗುಣಿತ ಇರಲಿಲ್ಲ. ಬರೆದವರಿಗೆ ಅವಸರ ಇದ್ದಂತೆ ಕಾಣಲಿಲ್ಲ.

"ಈಗ ನಾ ಹೇಳಿದಂಗ ಬರಿ," ಎಂದರು. "ಪರೀಕ್ಷಾ ಪಾಸಾತು. ಮುಂದಿನ ಕೆಲಸ ಏನು?"

ವಿನಯ ಬರೆದ. ಕಳಿಸಿದ. ಇಬ್ಬರೂ ಫೋನನ್ನು ಮೇಜಿನ ಮೇಲೆ ಇಟ್ಟು ನೋಡುತ್ತ ಕುಳಿತರು. ಪಕ್ಕದ ಮನೆಯ ಮಗ್ಗ ಒಮ್ಮೆ ನಿಂತು ಮತ್ತೆ ಶುರುವಾಯಿತು.

ಫೋನು ಮಿಣಕ್ ಅಂತು.

ವಿನಯ ಓದಿದ. ಅವನ ಬಾಯಿ ತೆರೆದೇ ಉಳಿಯಿತು. ನಾಗರತ್ನಾ ಫೋನು ಕಸಿದುಕೊಂಡರು.

"ಮೊದಲ ನಿನ್ನ ಮುಂದ ಕುಂತ ಪೊಲೀಸ ಬಾಯಾರಿಗೆ ಚಾ ಕುಡಸು."

ನಾಗರತ್ನಾ ಕಿಟಕಿಗೆ ಹೋದರು. ಓಣಿಯಲ್ಲಿ ಯಾರೂ ಮೇಲೆ ನೋಡುತ್ತಿರಲಿಲ್ಲ. ಎದುರಿನ ಮನೆಯ ಮಾಳಿಗೆಯಲ್ಲಿ ಒಣಹಾಕಿದ ಬಟ್ಟೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಅಷ್ಟರಲ್ಲಿ ಮೆಟ್ಟಿಲಲ್ಲಿ ಬಳೆಗಳ ಸದ್ದಾಯಿತು. ಮಹೇಕ ತಾಟಿನಲ್ಲಿ ಎರಡು ಕಪ್ ಚಹಾ ಹಿಡಿದು ಒಳಗೆ ಬಂದಳು.

"ನೀವು ಬಂದದ್ದು ನನಗ ಗೊತ್ತಾಗಲಿಲ್ಲ ನೋಡ್ರಿ ಮೇಡಮ್. ಕೆಳಗ ನಮ್ಮ ದಾದಿ ಹೇಳಿದ್ಳು, ಮ್ಯಾಲ ಚಾ ಒಯ್ಯಿ ಅಂತ."

ವಿನಯ ನಾಗರತ್ನಾ ಅವರ ಮುಖ ನೋಡಿದ. ಅವರು ತುಟಿಯ ಮೇಲೆ ಬೆರಳಿಟ್ಟರು.

"ಮಹೇಕ, ನಿಮ್ಮ ಅಜ್ಜಿಗೆ ಕನ್ನಡ ಓದಾಕ ಬರತೈತೇನವ್ವಾ?"

"ಇಲ್ರೀ. ಸಹಿ ಸುದ್ದಾ ಬರೂದಿಲ್ಲ, ಹೆಬ್ಬಟ್ಟು. ಮಾಯಕ್ಕನ ಕಥಿ ದಿನಾ ನಾನ ಓದಿ ಹೇಳಬೇಕು. ಯಾಕ್ರಿ?"

"ಸುಮ್ಮನ ಕೇಳಿದೆ."

ನಾಗರತ್ನಾ ಚಹಾ ಕಪ್ಪನ್ನು ಕೈಯಲ್ಲಿ ಹಿಡಿದೇ ಮೆಟ್ಟಿಲು ಇಳಿದರು.

ಬೀಬಿಜಾನ ತಲಬಾಗಿಲ ಹತ್ತಿರ ಚಾಪೆಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಬೆಳ್ಳಗಿನ ಓಢಣಿ ಹೆಗಲ ಮೇಲಿತ್ತು. ಸಿಪ್ಪೆಯ ರಾಶಿಯ ಪಕ್ಕದಲ್ಲಿ, ಗಾಜು ಒಡೆದ ಹಳೆಯ ಮೊಬೈಲೊಂದು ಯಾವ ಮುಚ್ಚುಮರೆಯೂ ಇಲ್ಲದೆ ಬಿದ್ದಿತ್ತು.

"ಕುಂದರ್ರಿ ಬಾಯಾರ. ಸಕ್ಕರಿ ಬರೋಬರ್ ಐತೇನು?"

ನಾಗರತ್ನಾ ಚಾಪೆಯ ಮೇಲೆ ಕುಳಿತು, ತಾವೂ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡರು.

"ಓದಾಕ ಯಾವಾಗ ಕಲತ್ರಿ, ಅಮ್ಮಾರ?"

"ಮಹೇಕ ಕಥಿ ಓದತಾಳಲ್ಲ, ಆಕಿ ಬಟ್ಟು ಅಕ್ಷರದ ಮ್ಯಾಲ ಎಲ್ಲೆಲ್ಲಿ ಹೋಗತೈತಿ ಅಂತ ನೋಡಕೋತ ಕುಂದರತಿದ್ದೆ. ಮೊದಲ 'ಮ' ಗುರ್ತಾತು. ಮಾಯಕ್ಕನ 'ಮ', ನಮ್ಮ ಮಹೇಕನ 'ಮ'. ಆಮ್ಯಾಲ ಒಂದೊಂದ ಬಂದ್ವು. ಅಂಚಿನ ಎಳಿ ಎಣಿಸಿದ ಕಣ್ಣಿಗೆ ಅದೇನು ದೊಡ್ಡದಲ್ಲ. ಬರ್ಯಾಕ ಸ್ವಲ್ಪ ತಡಾ ಆತು."

"ಮನ್ಯಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ಆಕಿ ಓದಿ ಹೇಳೂದು ಬಿಡತಿದ್ಳು." ಬೀಬಿಜಾನ ನಕ್ಕರು. ಹಲ್ಲಿಲ್ಲದ ಆ ನಗೆ ಬಹಳ ಚೆಂದವಿತ್ತು. "ಮುಂಜಾನೆ ಬಾಜೂಕ ಕುಂತು ಓದತಾಳ. ಅದು ನನಗ ಬೇಕು."

ನಾಗರತ್ನಾ ಅವರಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ.

"ಸೀರಿ ಎಲ್ಲೈತಿ?"

"ಅಜೀಮ ಅದನ್ನ ಯಾವದೋ ಕಂಪನಿಯವರ ಕೈಗೆ ಕೊಡಾಂವ ಇದ್ದ. ಕೆಟ್ಟಾಂವ ಅಲ್ಲ ಅಂವ, ಮಗ್ಗ ನಡೀಬೇಕಲ್ಲ. ಆದ್ರ ಆ ಅಂಚು ಮಹೇಕಂದು. ಆಕಿ ಮದವಿಗೆ ಅಂತ ಇಟ್ಟದ್ದು. ಧಾರವಾಡದಾಗ ನನ್ನ ತಂಗಿ ಅದಾಳ, ಆಕಿ ಹತ್ರ ಇರಲಿ ಅಂದ್ಕೊಂಡೆ. ಈ ಓಣ್ಯಾಗ ಒಂದು ಗಂಟು ಹೊರಗ ಹ್ವಾದ್ರೂ ನೂರು ಕಣ್ಣು ನೋಡತಾವು. ಅಜೀಮಗ ಸುದ್ದಿ ಮುಟ್ಟತೈತಿ. ಅದಕ್ಕ ಒಂದು ತಾಸು ಕಣ್ಣಿಲ್ಲದಂಗ ಮಾಡಿದೆ. ಅಜೀಮ ಭಾನುವಾರ ಮಲಗಿದ್ರ ಏಳೂದಿಲ್ಲ. ಸೀರಿ ಕೊಟ್ಟು ಕಳಿಸಿ, ನಾನೂ ಕಡೀ ಟೆಂಪೋ ಹತ್ತಿ ದೇಸೂರಿಗೆ ಹ್ವಾದೆ."

"ಹಂಗಾದ್ರ ಕಳವು ಆಗೇ ಇಲ್ಲ!" ನಾಗರತ್ನಾ ಎದೆಯ ಮೇಲಿನ ಭಾರ ಇಳಿದವರಂತೆ ಗೋಡೆಗೆ ಒರಗಿದರು. "ವಿನಯಗ ನಾ ಹೇಳತೀನಿ. ಪಾಪ, ಎರಡು ದಿನದಿಂದ ಊಟಾ ಬಿಟ್ಟಾನ."

ಬೀಬಿಜಾನರ ಬೆರಳುಗಳು ನಿಂತವು. ಒಂದು ಅವರೆಕಾಳು ಜಾರಿ ಚಾಪೆಯ ಮೇಲೆ ಉರುಳಿತು. ಅವರ ಮುಖದಲ್ಲಿ ಈಗ ನಗು ಇರಲಿಲ್ಲ.

"ಕಳವು ಆಗೇತಿ ಬಾಯಾರ. ಅದಕ್ಕ ನಿಮ್ಮನ್ನ ಕೆಳಗ ಕರಿಸೀನಿ. ಇವತ್ತ ಮುಂಜಾನೆ ತಂಗಿ ಫೋನ್ ಮಾಡಿದ್ಳು. ಸೀರಿ ಆಕೀಗೆ ಮುಟ್ಟಿಲ್ಲ. ಆಕಿ ಯಾರನ್ನೂ ಕಳಿಸೇ ಇಲ್ಲಂತ."

"ಮತ್ತ ಯಾರ ಕೈಯಾಗ ಕೊಟ್ರಿ?"

"ವಾರದ ಹಿಂದ ತಂಗಿ ಕಳಿಸ್ಯಾಳ ಅಂತ ಹೇಳಿ ಬಂದು, ಭಾನುವಾರ ಒಯ್ತೀನಿ ಅಂದವರ ಕೈಯಾಗ. ಮರ್ಯಾದಸ್ಥರು. ಮೆತ್ತಗಿನ ಮಾತು. ಸೀರಿ ಅಂಚು ನೋಡಿ, ಇದು ಯಾವ ಕಾಲದ್ದು ಅಂತ ನನಗೇ ತಿಳಿಸಿ ಹೇಳಿದ್ರು. ಹೆಸರು ಕೇಳೂದ ಮರತೆ."

"ಮತ್ತ ನೋಡಿದ್ರ ಗುರ್ತು ಹಿಡೀತೀರೇನು?"

ಬೀಬಿಜಾನ ತೆರೆದ ಬಾಗಿಲ ಕಡೆಗೆ ಮುಖ ತಿರುಗಿಸಿದರು. ಓಣಿಯಾಚೆ, ಕಾರಿಗೆ ಒರಗಿ ನಿಂತು, ಚನ್ನಬಸಯ್ಯ ಅಜೀಮನ ಹೆಗಲ ಮೇಲೆ ಕೈಯಿಟ್ಟು ನಗುತ್ತಿದ್ದರು.

"ಹಿಡದೀನಿ," ಅಂದರು ಬೀಬಿಜಾನ. "ಆದ್ರ ಅವರು ನಿಮ್ಮ ಯಜಮಾನರು ಅಂತ, ಇವತ್ತ ನಿಮ್ಮ ಕೂಡ ಕಾರಿನ್ಯಾಗಿಂದ ಇಳದಾಗ ಗೊತ್ತಾತು."